ಪಂಚಮಿಗೆ ಎಷ್ಟು ದಿನ

ವಿದ್ಯಾಗಿರಿಯ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಮತಗಿಯ ಅಣ್ಣ-ತಂಗಿ ಕೂತಿದ್ದರು. ತಂಗಿ ನರ್ಸು, ಮುಂದಿನ ತಿಂಗಳು ಐರ್ಲೆಂಡಿನ ಆಸ್ಪತ್ರೆಯೊಂದಕ್ಕೆ ಹೊರಟಿದ್ದಳು. ಅಣ್ಣನ ಮುಖ ಸಣ್ಣದಾಗಿತ್ತು.

“ಶೀಲಾ, ನೂರಾ ಎಂಬತ್ತೆರಡು ದಿನ ಅಂತ ಫೋನಿನ್ಯಾಗ ಅಂದ್ರಲ್ಲ ಸಾಹೇಬ್ರು, ಅಷ್ಟ ದಿನ ನೀ ಇತ್ತಾಗ ಕಾಲಿಡಬಾರದೇನ?”

“ಹಂಗಲ್ಲೋ ಅಣ್ಣಾ. ವರ್ಷದಾಗ ಅದಕ್ಕಿಂತ ಕಡಿಮಿ ದಿನ ಇಲ್ಲಿದ್ರ, ಅಲ್ಲಿನ ಪಗಾರಕ್ಕ ಇಲ್ಲಿ ಟ್ಯಾಕ್ಸ್ ಇಲ್ಲ.”

“ಅಂದ್ರ ನಾಗರ ಪಂಚಮಿಗಿ ಬರಬಹುದು?”

“ಬರಬಹುದು.”

“ನಾಕ ದಿನ ಹೆಚ್ಚಿಗಿ ಉಳದ್ರ ನೋಟಿಸ್ ಬರ್ತೈತೇನ?”

“ಅದಕ್ಕೂ ಮೊದಲ ನಿನ್ನ ಹೆಂಡ್ತಿ, ನಮ್ಮ ವೈನಿನ, ನನಗ ನೋಟಿಸ್ ಕೊಡ್ತಾಳ.”

“ಆಕಿ ಉಂಡಿ ಕಟ್ಟೂದು ಯಾರ ಸಲುವಾಗಿ ಅನ್ಕೊಂಡಿ? ಹಂಗಾರ ಐದ ತಿಂಗಳ ಇದ್ದ ಹೋಗು!”

“ದವಾಖಾನಿಯವರು ರಜಾ ಕೊಡಬೇಕಲ್ಲ. ವರ್ಷಕ್ಕ ಬರೇ ಇಪ್ಪತ್ನಾಕ ದಿನ.”

ಅಣ್ಣ ಬೆರಳು ಮಡಚಿ ದಿನ ಎಣಿಸಿದ.

“ಅವ್ವ ಹೋದ ಮ್ಯಾಲೂ ಒಂದ ಪಂಚಮಿ ತಪ್ಪಿಸಿಲ್ಲ ನೀ.”

“ಈಗೂ ತಪ್ಪಸೂದಿಲ್ಲ. ಜೋಕಾಲಿ ಹಗ್ಗ ಗಟ್ಟಿ ನೋಡಿ ಕಟ್ಟು. ಅಲ್ಲಿನ ಬೆಣ್ಣಿ ತಿಂದ ದಪ್ಪ ಆಗಿ ಬರ್ತೇನಿ.”

ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದು ಹೋದರು. ಬಾಗಿಲು ಇನ್ನೂ ಮುಚ್ಚಿರಲಿಲ್ಲ.

“ವರ್ಷಕ್ಕೆ ಎಷ್ಟು ದಿನ ಭಾರತದಲ್ಲಿ ಇರ್ತೀರಮ್ಮ?” ಎಂದು ಸಲಹೆಗಾರರು ಕೇಳಿದರು.

ತಂಗಿ ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ:

“ದಿನ ಎಷ್ಟರ ಬರ್ಕೋರಿ ಸಾಹೇಬ್ರ, ಪಂಚಮಿ ಮಾತ್ರ ಅದರಾಗ ಇರಲಿ.”