ಅಂಕಿತ ಮರೆತ ಮಾಸ್ತರ

ಸಿಂದಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಜಯಮಾಲಾಳ ಮೊದಲ ಕ್ಯಾಸೆಟ್ಟು ಹಾಡುತ್ತಿತ್ತು. ಬಾಗಿಲ ಬಳಿ ಹೂ ಕಟ್ಟುತ್ತಿದ್ದ ಗೌಸಬಿಗೆ ಅದು ಬಾಯಿಪಾಠ. ಪಕ್ಕದ ಬೆಂಚಿನಲ್ಲಿ ಜಯಮಾಲಾಳ ಹಳೆಯ ಭಜನಾ ಮೇಳದ ಹಾರ್ಮೋನಿಯಂ ಪೇಟಿ ಮಾಸ್ತರ ಸಂಗಮೇಶ, ಅದೇ ಮೇಳದ ಮುದುಕಿ ಶಂಕ್ರೆವ್ವನ ಮುಂದೆ ಮೂಗು ಮುರಿಯುತ್ತಿದ್ದ.

“ಹೆಂಗ ಒದರಾಕತ್ತಾಳ ಕೇಳು. ನಮ್ಮ ಹಿಂದ ಕುಂತು ತಾಳ ಹಾಕಾಕಿ, ಈಗ ಒಬ್ಬಾಕೀನ ಹಾಡ್ತಾಳಂತ!”

“ಊರೆಲ್ಲಾ ಕೇಳಾಕತ್ತೈತಲ್ರಿ.”

“ಪದ ನನ್ನವು, ಅದಕ್ಕ ಕೇಳ್ತಾರ. ಎರಡನೇ ಕ್ಯಾಸೆಟ್ಟಿಗೆ ಜೋಡಿ ಹಾಡೂಣು ಅಂದ್ರ ಒಲ್ಲೆ ಅಂದ್ಳು. ವಿಜಾಪುರಕ್ಕ ಹೋಗಿ ಕ್ಯಾಸೆಟ್ಟಿನವ್ರಿಗೆ ಹೇಳ್ತೇನಿ. ನೀ ಸಾಕ್ಷಿ ಬಾ.”

“ಕಡೀ ನುಡಿ ಬರಲಿ, ತಡೀರಿ.”

ಕಡೆಯ ನುಡಿ ಬಂತು. ಪದ ಕಟ್ಟಿದವರ ಹೆಸರು ಬರುವ ಜಾಗದಲ್ಲಿ ‘ಯಂಕಂಚಿ ಜಯಾ’ ಎಂದಿತ್ತು.

“ಅಂಕಿತ ಆಕೀದೈತಲ್ರಿ?”

“ಅವಸರದಾಗ ನನ್ನ ಹೆಸರು ಹಾಕೂದು ಮರ್ತಿದ್ದೆ. ಆಕಿ ತನ್ನದು ತುರುಕ್ಯಾಳ.”

ಗೌಸಬಿ ಮಾಸ್ತರನ ಕಾಲ ಬಳಿಯಿದ್ದ ಪೇಟಿ ನೋಡಿದಳು. ಅದರ ಮೇಲೆ ಮೂರು ಕಡೆ ಅವನ ಹೆಸರು ದಪ್ಪಕ್ಷರದಲ್ಲಿತ್ತು.

“ಕ್ಯಾಸೆಟ್ಟಿನ ಎಂಟೂ ಪದದಾಗ ಮರ್ತಿದ್ರೇನ್ರಿ?” ಎಂದಳು ಗೌಸಬಿ.

ಮಾಸ್ತರ ಆರಿದ ಚಹಾ ಊದಿದ. ಅಷ್ಟರಲ್ಲಿ ವಿಜಾಪುರದ ಬಸ್ಸು ಬಂತು.

“ಏಳು ಶಂಕ್ರೆವ್ವ, ಬಸ್ಸು ಹತ್ತು.”

“ನಾ ಒಲ್ಲೇರಿ. ಇವತ್ತ ಆಲಮಟ್ಟ್ಯಾಗ ಆಕಿ ಹಾಡಿಗೆ ನಾ ತಾಳ ಹಾಕಬೇಕು.”

ಶಂಕ್ರೆವ್ವ ಗೌಸಬಿಯಿಂದ ಒಂದು ಮೊಳ ಹೂ ಕೊಂಡು ಆಚೆ ನಿಂತ ಆಲಮಟ್ಟಿ ಬಸ್ಸಿನತ್ತ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

“ಮಾಸ್ತರ, ವಿಜಾಪುರದಾಗ ಮೊದಲ ನಿಮ್ಮ ಹೆಸರು ಕೇಳ್ತಾರ. ಮರ್ತೀರಿ ಮತ್ತ!”