ಕಮಾನಿನ ನಡುಗಲ್ಲು

ಹುಮನಾಬಾದ ಸ್ಟೇಷನ್ನಿನಿಂದ ಹುಡಗಿ ಕಡೆ ನಡೆದರೆ ಒಂದು ಆಲದ ಮರ. ಅದನ್ನು ದಾಟಿದರೆ ರೈಲಿನ ಸೇತುವೆ. ಅದರ ಕೆಳಗೆ ರಾತ್ರಿ ಹೊತ್ತಿನಲ್ಲಿ ನಡೆದದ್ದು ಇದು... ನಮ್ಮ ಸೋದರಮಾವನ ಮಗ ಮಹಾರುದ್ರಪ್ಪನಿಗೆ.

ಮಹಾರುದ್ರಪ್ಪ ಗೌಂಡಿ. ರೈಲುದಾರಿ ಹಾಕುವಾಗ ಅವನೂ ಅವನ ಚಿಕ್ಕಪ್ಪನ ಮಗ ವೀರಭದ್ರನೂ ಕೂಡಿಯೇ ಆ ಸೇತುವೆಗೆ ಕಲ್ಲು ಕಟ್ಟಿದರು. ಕಮಾನು ವೀರಭದ್ರನ ಪಾಲಿಗೆ ಬಂತು, ಪಕ್ಕದ ಗೋಡೆ ಇವನ ಪಾಲಿಗೆ. ರೈಲು ಇಳಿದು ಬಂದವರೆಲ್ಲ ತಲೆ ಎತ್ತಿ, "ಯಾರ ಕೈಕೆಲಸರಿ ಇದು? ಕಲ್ಯಾಣದ ಕೋಟೆ ಬಾಗಲಾ ಇದ್ದಂಗ ಐತಿ" ಅನ್ನುವರು. ಗೋಡೆಗೆ ಎಮ್ಮೆಗಳು ಮೈ ತಿಕ್ಕುತ್ತಿದ್ದವು, ಅಷ್ಟೇ.

ಎದುರು ಸಿಕ್ಕಾಗೆಲ್ಲ ವೀರಭದ್ರ "ಶರಣು ಅಣ್ಣಾ" ಅನ್ನುತ್ತಿದ್ದ. ನಮ್ಮ ಕಲ್ಯಾಣದ ಸೀಮೆಯಲ್ಲಿ ಶರಣು ಅಂದವನಿಗೆ, ವೈರಿಯಾದರೂ, ಶರಣಾರ್ಥಿ ಅನ್ನಬೇಕು. ಮಹಾರುದ್ರಪ್ಪ ಐದು ವರ್ಷ ಬಾಯಿ ಬಿಡಲಿಲ್ಲ. ಹೋದ ಶ್ರಾವಣದಲ್ಲಿ ವೀರಭದ್ರ ಕಾಮಾಲೆಯಾಗಿ ಲಿಂಗೈಕ್ಯನಾದ. ಜನ ಕಮಾನನ್ನು ಮತ್ತಷ್ಟು ಹೊಗಳಿದರು.

ಒಂದು ರಾತ್ರಿ ಮಹಾರುದ್ರಪ್ಪ ಏಣಿ ಹೊತ್ತು ಹೊರಟ. ಹೆಂಡತಿ ಭಾಗಮ್ಮ ಅಡ್ಡ ನಿಂತಳು. "ಈ ಹೊತ್ತಿನ್ಯಾಗ ಎಲ್ಲಿಗ್ರಿ?"

"ಕಮಾನಿನ ನಡುಗಲ್ಲಿನ ಮ್ಯಾಲ ನನ್ನ ಹೆಸರು ಕೆತ್ತಿ ಬರ್ತೀನಿ."

"ಅದು ವೀರಭದ್ರ ಇಟ್ಟ ಕಲ್ಲರಿ."

"ಸತ್ತಾಂವ ಬಂದು ಅಳಸ್ತಾನೇನು?"

ಆಲ ದಾಟಿದ. ಏಣಿ ಹಚ್ಚಿ ಹತ್ತಿದ. ನಡುಗಲ್ಲಿಗೆ ಚಾಣ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದ. ಟಣ್... ಕಮಾನು ಅದನ್ನೇ ತಿರುಗಿ ಅಂದಿತು. ಟಣ್.

ಕೈ ನಿಲ್ಲಿಸಿದ. ಸದ್ದು ನಿಲ್ಲಲಿಲ್ಲ. ಟಣ್... ಟಣ್... ಕೆಳಗೆ, ಗೋಡೆಯ ಕಡೆಯಿಂದ. ಬಹಳ ಹೊತ್ತು.

ಆಮೇಲೆ ಅದೂ ನಿಂತಿತು. ಕಟಕಟ ಅಲುಗುತ್ತಿದ್ದ ಏಣಿ ಸುಮ್ಮನಾಯಿತು, ಯಾರೋ ಹಿಡಿದ ಹಾಗೆ.

"ಶರಣು ಅಣ್ಣಾ..."

ಮಹಾರುದ್ರಪ್ಪ ಏಣಿಯನ್ನು ಅವುಚಿ ಹಿಡಿದ.

"ಕತ್ತಲಾಗ ಜಾರ್ತಿ. ನಾ ಹಿಡದೀನಿ, ಇಳಿ."

ಇಳಿದನೋ ಬಿದ್ದನೋ ಅವನಿಗೇ ತಿಳಿಯದು. "ಶರಣಾರ್ಥಿ... ಶರಣಾರ್ಥಿ..." ಅನ್ನುತ್ತ ಓಡಿ ಮನೆ ಮುಟ್ಟಿದ.

ನಸುಕಿನಲ್ಲಿ ಭಾಗಮ್ಮನನ್ನು ಕರೆದುಕೊಂಡು ಹೋದ. ನಡುಗಲ್ಲಿನ ಮೇಲೆ ಒಂದು ಚುಕ್ಕೆಯಷ್ಟು ಗಾಯ. ಅವನು ಕಟ್ಟಿದ ಗೋಡೆಯ ಮೇಲೆ ಗೇಣುದ್ದದ ಅಕ್ಷರಗಳು... ಮಹಾರುದ್ರಪ್ಪ.

"ನೀವೇ ಕೆತ್ತಿದ್ದೇನ್ರಿ?"

ಅವನು ಅಕ್ಷರಗಳ ಮೇಲೆ ಬೆರಳಾಡಿಸಿದ. ಮುಖ ಕಪ್ಪಿಟ್ಟಿತು. "ನನಗ ಇಷ್ಟು ಚಂದ ಬರಂಗಿಲ್ಲ" ಅಂದ. ಹೊಟ್ಟೆಯ ಉರಿ ಆಗಲೂ ಆರಿರಲಿಲ್ಲ.

ನೆಲವೆಲ್ಲ ಇಬ್ಬನಿಗೆ ತೊಯ್ದಿತ್ತು. ಗೋಡೆಯ ಬುಡದಲ್ಲಿ ಉದುರಿದ ಕಲ್ಲಿನ ಪುಡಿ ಮಾತ್ರ ಒಣಗಿಯೇ ಇತ್ತು, ಆಗಷ್ಟೇ ಬಿದ್ದ ಹಾಗೆ. ಭಾಗಮ್ಮ ಒಂದು ಹಿಡಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ನಾನೇ ಮುಟ್ಟಿ ನೋಡಿದ್ದೀನಿ... ಬಸವಣ್ಣನ ಆಣೆ.