ಕಿವಿಯ ಹುಳ ಚೆನ್ನಾಗೈತೆ

ಏಯ್ ಏಯ್ ಏಯ್... ಮುಟ್ಬೇಡಲೇ! ಅದು ಅಂಗಿ ಗುಂಡಿ ಅಲ್ಲ, ನನ್ನ ಕಿವಿ! ಎಳೆದ್ರೆ ಬಂದ್ಬಿಡ್ತೈತೆ... ನೋಡು, ಬಂದೇಬಿಡ್ತು. ತಾ ಇಲ್ಲಿ. ಥೂ, ಕೈಯೆಲ್ಲಾ ಮೆಣಸಿನಕಾಯಿ ಬೋಂಡದ ಎಣ್ಣೆ! ಬಸ್ಸು ಓಡ್ಸೋ ಕೈಯೇನಲೇ ಇದು ಹುಲಿಯಪ್ಪ? ತಡಿ, ಅಂಟಿಸ್ಕಂತೀನಿ... ಹಾಂ. ಟಕ್ ಅಂತ ಕೂತ್ಕಂತು. ಒಳಗೆ, ಚರ್ಮದ ಕೆಳಗೆ ಒಂದು ಅಯಸ್ಕಾಂತ ಐತೆ. ಹೊರಗೆ, ಈ ಬಿಲ್ಲೆ ಒಳಗೆ, ಇನ್ನೊಂದು. ಎರಡೂ ಗಂಡ ಹೆಂಡ್ತಿ ಇದ್ದಂಗೆ. ಇಲ್ಲ ಇಲ್ಲ, ತಪ್ಪಾಯ್ತು. ಇವು ಜಗಳ ಆಡಲ್ಲ.

ಯಾಕೆ ನಗ್ತೀಯಾ? ನಗು, ನಗು. ದೇವಸಮುದ್ರ ಎಲ್ಲಾ ನಕ್ಕಾಗೈತೆ, ನೀನೊಬ್ಬ ಬಾಕಿ ಇದ್ದೆ. ಮೊನ್ನೆ ನಮ್ಮ ಪಕ್ಕದ್ಮನೆ ಕರಿಯಕ್ಕಜ್ಜಿ ಸೆರಗಿನ ಪಿನ್ನು ತಂದು ನನ್ನ ತಲೆಗೆ ಇಟ್ಟು ನೋಡ್ತು. ಅಂಟ್ಕಂತು! 'ಅಯ್ಯೋ ರುದ್ರಾ, ನಿನ್ನ ತಲ್ಯಾಗೆ ದೇವ್ರು ಕೂತವ್ನೆ' ಅಂತ ಕೈ ಮುಗೀತು. ದೇವ್ರಲ್ಲ ಕಣಜ್ಜಿ, ಮಷೀನು ಅಂದೆ. ದೇವ್ರಾಗಿದ್ರೆ ದಿನಾ ಚಾರ್ಜಿಗೆ ಹಾಕ್ಬೇಕಾಗ್ತಿತ್ತಾ?

ಬಾ, ಆ ಕಡೆ ಬ್ಯಾಡ, ನನ್ನ ಎದುರಿಗೇ ಕೂತ್ಕ. ಈ ಮೊಳಕಾಲ್ಮುರು ಸ್ಟ್ಯಾಂಡಿನಾಗೆ ಈ ಬೆಂಚೊಂದೇ ನೆರಳು. ದೊಡ್ಡೀರಪ್ಪಾ! ಇನ್ನೆರಡು ಟೀ ಹಾಕಪ್ಪಾ, ಒಂದಕ್ಕೆ ಸಕ್ರೆ ಬ್ಯಾಡ, ಡ್ರೈವರ್ ಸಾಹೇಬ್ರಿಗೆ ಶುಗರ್ರು.

ಏನಂದೆ? ಲೇ, ಗ್ಲಾಸು ಇಳಿಸಿ ಮಾತಾಡೋ, ಗ್ಲಾಸಿಗೆ ಹೇಳ್ತಿದ್ದೀಯೋ ನನಗೆ ಹೇಳ್ತಿದ್ದೀಯೋ... ಓ, ಬಸ್ಸಿನ ಓನರ್ರಾ? ಪ್ರಭು ಏನಂದ? 'ಹುಲಿಯಪ್ಪ ಹೂಂ ಅಂದ್ರೆ ನಾಳೆಯಿಂದ್ಲೇ ಟಿಕೇಟು ಬ್ಯಾಗು ಹಾಕ್ಕಳ್ಲಿ' ಅಂದ್ನಾ! ಆಯ್ತಲ್ಲ ಮತ್ತೆ! ಹೂಂ ಅನ್ನು, ಮುಗೀತು. ಎಷ್ಟು ವರ್ಷದಿಂದ ನೀನು ಮುಂದೆ ಡ್ರೈವರು, ನಾನು ಹಿಂದೆ ಕಂಡಕ್ಟರು. ಚಳ್ಳಕೆರೆ ಬಿಟ್ರೆ ಹಿರೇಹಳ್ಳಿ, ತಳಕು... ರಸ್ತೆಯಾಗಿನ ಒಂದೊಂದು ಗುಂಡಿಗೂ ನಮ್ಮಿಬ್ಬರ ಸೊಂಟದ ಪರಿಚಯ ಐತೆ. ಹೂಂ ಅನ್ನೋಕೆ ಏನು ಕಷ್ಟ ನಿನಗೆ?

ಅನ್ನಲ್ವಾ? ಮೊದ್ಲು ಕಥೆ ಹೇಳ್ಬೇಕಾ? ಸರಿ, ಕೇಳು.

ಕಿವಿ ಪೂರ್ತಿ ಹೋಗಿದ್ದು ನಿನಗೇ ಗೊತ್ತಲ್ಲ. ಮೊದ್ಲು ಎಡಗಿವಿ, ಆಮೇಲೆ ಆ ಜ್ವರ ಬಂದಾಗ ಬಲಗಿವೀನೂ. ಬೆಳಿಗ್ಗೆ ಎದ್ದೆ, ನಮ್ಮ ಮನೆಯೋಳು ನಾಗರತ್ನ ಬಾಯಿ ಆಡಿಸ್ತಾ ಅವ್ಳೆ, ಸದ್ದೇ ಇಲ್ಲ! ಸುಳ್ಳು ಯಾಕೆ ಹೇಳ್ಲಿ, ಮೊದಲ್ನೇ ದಿನ ಬಲೇ ನೆಮ್ಮದಿ ಅನ್ನಿಸ್ತು. ಎರಡ್ನೇ ದಿನ ಹೆದರ್ಕಂಡೆ. ಬಸ್ಸಿಗೆ ಬಂದೆ, ತಳಕಿಗೆ ಕೊಡು ಅಂದೋರಿಗೆ ರಾಂಪುರದ ಟಿಕೇಟು ಹರಿದೆ. ಅವತ್ತೇ ತಾನೇ ನೀನು ಬಸ್ಸು ಸೈಡಿಗೆ ಹಾಕಿ ನನ್ನ ಹತ್ರ ಬಂದು ಬ್ಯಾಗು ಇಸ್ಕಂಡಿದ್ದು.

ಬೆಂಗಳೂರಿಗೆ ಹೋದ್ವಿ. ಅಲ್ಲೊಂದು ಆಸ್ಪತ್ರೆಯಾಗೆ ಹೊಸಾ ಮಷೀನು ಪರೀಕ್ಷೆ ಮಾಡ್ತಿದ್ರು. 'ನಿಮ್ಮ ಕಿವಿ ಅಳೆಯೋಕೆ ಬಿಟ್ರೆ ಮಷೀನು ಫ್ರೀಯಾಗಿ ಹಾಕ್ತೀವಿ' ಅಂದ್ರು. ಕುದಾಪುರದ ಕಡೆ ವಿಜ್ಞಾನಿಗಳು ಕಾಂಪೌಂಡು ಹಾಕ್ಕಂಡು ಆಕಾಶ ಅಳೀತಾವ್ರಲ್ಲ, ಹಂಗೇ ಇವ್ರು ನನ್ನ ಕಿವಿ ಅಳೀಲಿ ಬಿಡು, ಇದೂ ಖಾಲಿನೇ ತಾನೇ ಅಂದೆ. ಗೀತಾ ಮೇಡಂ ಅಂತ ಒಬ್ರು, ಕಿವಿ ಪರೀಕ್ಷೆ ಮಾಡೋರು. ಒಂದು ಗೂಡಿನಾಗೆ ಕೂರ್ಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಬಂದಾಗ ಒತ್ತು ಅಂತ ಬರೆದು ತೋರ್ಸಿದ್ರು. ಸದ್ದು ಎಲ್ಲಿ ಬರ್ತೈತೆ? ಆದ್ರೂ ಮರ್ಯಾದೆ ಪ್ರಶ್ನೆ ನೋಡು, ಅಂದಾಜಿನ ಮೇಲೆ ಒತ್ತುತಾ ಹೋದೆ. ಆಯಮ್ಮ ಹೊರಗೆ ಬಂದು ಬರೆದ್ರು: 'ಇಷ್ಟು ಚೆನ್ನಾಗಿ ಕೇಳ್ಸೋರಿಗೆ ಆಪರೇಷನ್ ಯಾಕೆ? ಮನೆಗೆ ಹೋಗಿ.' ನಾಗರತ್ನ ಅಲ್ಲೇ ನನ್ನ ತೊಡೆ ಚಿವುಟಿದ್ಲು. ಇನ್ನೂ ಕಲೆ ಐತೆ, ತೋರಿಸ್ಲಾ? ಬ್ಯಾಡ್ವಾ, ಸರಿ.

ಅದಕ್ಕೇ ಅಂತೆ ಈ ಹೊಸಾ ಮಷೀನು. ನನ್ನಂಥಾ ಸುಳ್ಳರನ್ನ ಕೇಳೋದೇ ಬ್ಯಾಡ, ಸೀದಾ ಕಿವೀನೇ ಕೇಳಾಣ ಅಂತ. ಕಿವಿ ಒಳಗೆ, ತಲೆಬುರುಡೆ ಒಳಗಡೆ, ಒಂದು ಬಸವನಹುಳ ಐತೆ. ಅಯ್ಯೋ ನಿಜವಾದ ಹುಳ ಅಲ್ಲಲೇ, ಅದರ ಚಿಪ್ಪಿನ ಥರ ಸುತ್ತಿಕೊಂಡಿರೋ ಕೊಳವೆ! ಅದ್ರಾಗೆ ಸದ್ದು ಹಿಡಿಯೋ ಕೂದಲು ಇರ್ತಾವಂತೆ. ನನ್ನ ಈ ತಲೆ ಮೇಲೇ ಕೂದ್ಲು ಉಳಿದಿಲ್ಲ, ಒಳಗೆ ಎಲ್ಲಿ ಉಳೀತಾವೆ? ಆದ್ರೆ ಒಂದಿಷ್ಟು ಉಳ್ಕಂಡಿದ್ವಂತೆ, ಬಲಗಿವಿಯಾಗೆ. ಅವುನ್ನ ಕೆಡಿಸ್ದಂಗೆ ಒಳಗೆ ಸಣ್ಣ ವೈರು ತಳ್ಬೇಕು. ಹೆಂಗೆ? ಅಲ್ಲೈತೆ ಮಜಾ! ಕಿವಿಗೆ ಟಿಕ್ ಟಿಕ್ ಅಂತ ಸದ್ದು ಬಿಡ್ತಾರೆ. ಒಳಗೆ ಹೋಗ್ತಿರೋ ಆ ವೈರೇ 'ಇದ್ದೀಯೇನಪ್ಪಾ?' ಅಂತ ವಿಚಾರಿಸ್ತೈತೆ. ಹುಳ 'ಇದ್ದೀನಿ' ಅಂದ್ರೆ ಹೊರಗೆ ಟೀವಿ ಮೇಲೆ ಗೀಟು ಮೇಲೇರ್ತೈತೆ. ಹುಳಕ್ಕೆ ನೋವಾದ್ರೆ ಗೀಟು ಇಳೀತೈತೆ. ತಕ್ಷಣ ಡಾಕ್ಟ್ರು ನಿಲ್ಸಿ, ಒಂಚೂರು ಹಿಂದಕ್ಕೆ ಎಳ್ಕಂಡು, ಮತ್ತೆ ನಿಧಾನಕ್ಕೆ... ಗೊತ್ತಾಯ್ತಾ? ಈ ಸ್ಟ್ಯಾಂಡಿನಾಗೆ ನೀನು ರಿವರ್ಸು ತೆಗೆಯೋವಾಗ ನಾನು ಹಿಂದೆ ನಿಂತು 'ಬರ್ಲಿ ಬರ್ಲಿ ಬರ್ಲಿ... ಹೋಲ್ಡಾನ್! ಕಟ್ಟು, ಲೆಫ್ಟಿಗೆ ಕಟ್ಟು!' ಅಂತೀನಲ್ಲ, ಅದೇ ಕೆಲಸ! ವ್ಯತ್ಯಾಸ ಏನಂದ್ರೆ ಆ ಡಾಕ್ಟ್ರು ಕಂಡಕ್ಟರ್ ಮಾತು ಕೇಳ್ತಾನೆ. ನೀನು ಗೋಡೆಗೆ ಗುದ್ದಿದ ಮೇಲೆ 'ಏನೋ ಅಂದ್ಯಾ?' ಅಂತೀಯಾ.

ಆಪರೇಷನ್ ಆದ್ಮೇಲೆ ಶುರುವಾಯ್ತು ತಲೆ ತಿರುಗೋದು. ಕಿವಿ ಒಳಗೇನೇ ಮೈ ಬೀಳ್ದಂಗೆ ತೂಕ ಹಿಡಿಯೋದೂ ಐತಂತೆ, ಅದು ಎರಡು ವಾರ ಮುನಿಸ್ಕಂಡಿತ್ತು. ಓಡೋ ಬಸ್ಸಿನಾಗೆ ಕಂಬಿ ಹಿಡೀದೆ ಟಿಕೇಟು ಹರೀತಿದ್ದೋನು ನಾನು, ಬಚ್ಚಲಿಗೆ ಹೋಗಾಕೆ ಗೋಡೆ ಹಿಡೀತಿದ್ದೆ. ನಮ್ಮ ಮಾವ ಮುದ್ದಪ್ಪ ನೋಡಾಕೆ ಬಂದೋರು ಬಾಗಿಲಲ್ಲೇ ನಿಂತು 'ಮಧ್ಯಾಹ್ನಕ್ಕೇ ಶುರು ಮಾಡವ್ನಾ?' ಅಂತ ಮಗಳನ್ನ ಕೇಳಿದ್ರಂತೆ. ಜೀವನದಾಗೆ ಕುಡೀದೆ ಇದ್ದಾಗ್ಲೇ ಕುಡುಕ ಅನ್ನಿಸ್ಕಂಡಿದ್ದು ಅದೊಂದೇ ಸಲ. ಅದಕ್ಕೂ ಒಂದು ಗಿರಗಟ್ಲೆ ಕುರ್ಚಿ, ಕಣ್ಣಿಗೆ ಕನ್ನಡಕ, ತಿರುಗ್ಸಿ ತಿರುಗ್ಸಿ ಅಳೆದ್ರು. ಕುರ್ಚಿ ನಿಂತ ಮೇಲೂ ನಾನು ಚಳ್ಳಕೆರೆ ಸರ್ಕಲ್ಲಿನಾಗೇ ಸುತ್ತುತಾ ಇದ್ದೆ.

ಈಗ ಹಂಗಿಲ್ಲ. ನೋಡು, ಎದ್ದು ನಿಲ್ತೀನಿ. ಒಂಟಿಕಾಲು! ಹೆಂಗೆ? ಹಾಂ.

ಈಗ ದೇವಸಮುದ್ರದಾಗೆ ನಮ್ಮನೆ ಜಗಲಿ ಮೇಲೆ ಕೂತು ಫೋನು ಒತ್ತಿದ್ರೆ ಸಾಕು. ಈ ಬಿಲ್ಲೆ ಒಳಗಿನ ಹುಳಾನ ವಿಚಾರ್ಸಿ, ಗೀಟು ಬೆಂಗಳೂರಿಗೆ ಕಳಿಸ್ತೈತೆ. ಹೋದ ವಾರ ಗೀತಾ ಮೇಡಂ ನಾಗರತ್ನಂಗೆ ಫೋನ್ ಮಾಡಿದ್ರು. 'ನಿಮ್ಮ ಯಜಮಾನ್ರ ಒಳಗಿವಿ ತುಂಬಾ ಚೆನ್ನಾಗಿ ಉತ್ತರ ಕೊಡ್ತಾ ಇದೆ, ಇಷ್ಟು ಒಳ್ಳೇ ಗ್ರಾಫು ನಾವು ನೋಡೇ ಇರ್ಲಿಲ್ಲ' ಅಂದ್ರಂತೆ. ನಾನು ಎಸ್ಸೆಲ್ಸಿನಾಗೆ ಡುಮ್ಕಿ, ನನ್ನ ಹುಳ ಫಸ್ಟ್ ಕ್ಲಾಸು! ನಾಗರತ್ನ ಬೀದಿಗೆಲ್ಲಾ ಮೈಸೂರ್ ಪಾಕು ಹಂಚಿದ್ಲು. ಎರಡು ವರ್ಷ ಆಗಿತ್ತು ಕಣೋ ಅವಳು ಹಂಗೆ ನಕ್ಕು. ಸೆರಗು ಸಿಗ್ಸಿ ಮನೆಮನೆಗೆ ಹೋಗಿ, 'ನಮ್ಮೋರ್ಗೆ ಎಲ್ಲಾ ಕೇಳ್ತೈತೆ, ಎಲ್ಲಾ ಕೇಳ್ತೈತೆ'...

ಹೂಂ. ಎಲ್ಲಾ ಕೇಳ್ತೈತೆ.

ಏನು ನೋಡ್ತೀಯಾ ಹಂಗೆ? ಆ ಕಡೆ ಯಾಕೆ ತಿರುಗಿದೆ? ಬಸ್ಸು ಎಲ್ಲೂ ಓಡೋಗಲ್ಲ, ನೀನಿಲ್ದೆ ಅದು ಸ್ಟಾರ್ಟೇ ಆಗಲ್ಲ, ನೀನಿದ್ರೂ ಆಗಲ್ಲ. ಮಾತಾಡೋವಾಗ ಮುಖ ನೋಡಿ ಮಾತಾಡ್ಬೇಕು, ಅದು ಮರ್ಯಾದೆ.

ಏನು? ಹಿಂದಿನ ಬಾಗ್ಲಾಗೆ ಯಾರಾದ್ರೂ ಕೂಗಿದ್ರೆ? ಕೇಳಿಸ್ತೈತಪ್ಪಾ! ಯಾಕೆ ಕೇಳಿಸಲ್ಲ? ಅಷ್ಟಕ್ಕೂ ಕಂಡಕ್ಟರಿಗೆ ಕಿವಿ ಯಾತಕ್ಕೆ, ಬಾಯಿದ್ರೆ ಸಾಲ್ದಾ? ಅರ್ಧ ಪ್ಯಾಸೆಂಜರು ಟಿಕೇಟು ಕೇಳೋದೇ ಇಲ್ಲ, ಕೈ ಮಾತ್ರ ಚಾಚ್ತಾರೆ. ಉಳಿದೋರು ಬೈತಾರೆ. ಬೈಗುಳ ಕೇಳಿಸ್ದಿದ್ರೆ ಲುಕ್ಸಾನೇನಿಲ್ಲ... ತಮಾಷೆ ಕಣಲೇ! ಮುಖ ಯಾಕೆ ಹಂಗೆ ಮಾಡ್ತೀಯಾ? ತಮಾಷೆಗಂದೆ. ಬೇಕಾದ್ರೆ ಪರೀಕ್ಷೆ ಮಾಡು. ಹೂಂ, ಮಾಡು! ಈ ಗದ್ಲದಾಗೇ ಮಾಡು. ಅಗೋ ಬಳ್ಳಾರಿ ಬಸ್ಸು ಹಾರನ್ ಹೊಡೀತಾ ಐತೆ, ಈ ಕಡೆ ಆಟೋದೋರ ಜಗಳ. ಏನು ಬೇಕಾದ್ರೂ ಕೇಳು.

ಬ್ರೇಕು? ಬ್ರೇಕ್ ಲೈನರ್ ಹೊಸದು ಹಾಕ್ಸಿದ್ಯಾ? ಒಳ್ಳೇದಾಯ್ತು. ಪ್ರಭು ಒಪ್ಕಂಡ್ನಾ? ನೋಡು, ಕೇಳಿಸ್ತಲ್ಲ!

ಇನ್ನೊಂದು. ನಾಗರತ್ನನಾ? ಚೆನ್ನಾಗವ್ಳೆ. ನಿನ್ನ ಕೇಳಿದ್ಲು.

ಹಾಂ... ನಿನ್ನ ಮಗಳಿಗಾ? ಗಂಡು ಬಂದಿತ್ತಾ! ಎಲ್ಲಿಂದ? ರಾಯದುರ್ಗ? ಏಮಯ್ಯಾ ಮಾಮಾ, ತೆಲುಗು ಅಳಿಯನ್ನ ತರ್ತಿದ್ದೀಯಾ! ಅವ್ನ ಹತ್ರ ನಿನ್ನ ತೆಲುಗು ಆಡ್ಬೇಡ, ಮದುವೆ ಮುರಿದೋಗ್ತೈತೆ! ಹ್ಹ ಹ್ಹ... ನನಗೆ ಕೇಳಿಸಲ್ಲ ಅಂತೀಯಾ ಈಗ? ಎಲ್ಲಾ ಕೇಳಿಸ್ತು! ಹೂಂ ಅನ್ನು ಮತ್ತೆ. ಫೋನ್ ಮಾಡು ಪ್ರಭುಗೆ.

ಮಾಡು.

ದೊಡ್ಡೀರಪ್ಪಾ, ಟೀ ಉಕ್ತಾ ಐತೆ ನೋಡು. ನೀನ್ಯಾಕೆ ಇವನ ಬಾಯಿ ನೋಡ್ತಾ ನಿಂತೆ? ಇವ್ನು ಮಾತಾಡಿದ್ದು ಯಾವತ್ತೂ ನೋಡಿಲ್ವಾ?

ಲೇ ಹುಲಿಯಪ್ಪ. ಅವ್ನು ಯಾಕೆ ಹಂಗೆ ನೋಡ್ತಾವ್ನೆ?

ನೀನು... ಈಗ ಮಾತಾಡಿದ್ಯಲ್ಲ. ಗಂಟ್ಲಿಂದ ಮಾತಾಡಿದ್ಯಾ?

ಬರೀ ತುಟಿ ಆಡಿಸಿದ್ಯಾ?

ಬ್ರೇಕಿನ ಮಾತು ಬಂದಾಗಿಂದಾನಾ? ನಾಗರತ್ನ... ರಾಯದುರ್ಗ... ಒಂದಕ್ಕೂ ಸದ್ದಿಲ್ವಾ?

ಥೂ ನಿನ್ನ. ಬಲೇ ಕಿಲಾಡಿ. ಅಷ್ಟು ದೊಡ್ಡ ಡಾಕ್ಟ್ರಿಗೆ, ಆ ಮೇಡಂಗೆ, ಹೆಂಡ್ತಿಗೆ ಸಿಕ್ಕಿಲ್ದೋನು ನಾನು. ನಿನಗೆ, ಒಂದು ಬೋಂಡ ತಿನ್ನೋ ಹೊತ್ತಿನಾಗೆ... ನಗ್ಬೇಡ. ಓ, ನಗ್ತಿಲ್ಲ ನೀನು. ಕಣ್ಣೊರಸ್ಕೋ, ಖಾರದ ಕೈಯಾಗೆ ಬ್ಯಾಡ, ಉರೀತೈತೆ.

ಮಗಳಿಗೆ ಗಂಡು ಬಂದಿದ್ದು ನಿಜಾನಾ? ನಿಜಾನೇ? ಹಂಗಾದ್ರೆ ಒಳ್ಳೇದಾಯ್ತು ಬಿಡು.

ಸದ್ದು ಬರ್ತೈತೆ ಹುಲಿಯಪ್ಪ. ಬರಲ್ಲ ಅಂತಲ್ಲ. ಹುಳ ಸುಳ್ಳು ಹೇಳಿಲ್ಲ, ಗೀಟೂ ಸುಳ್ಳಲ್ಲ. ಎಲ್ಲಾ ಬರ್ತೈತೆ, ಆದ್ರೆ ಮಾತಾಗಿ ಬರಲ್ಲ. ತಗಡಿನ ಮೇಲೆ ಜಲ್ಲಿ ಸುರಿದಂಗೆ. ಮಷೀನು ಹಾಕಿ ಮೊದಲ್ನೇ ಸಲ ಆನ್ ಮಾಡಿದ್ರಲ್ಲ, ಎಲ್ಲರೂ ನನ್ನ ಸುತ್ತಾ ನಿಂತಿದ್ರು. ನಾಗರತ್ನ ಎದುರಿಗೆ ಬಗ್ಗಿ 'ರೀ, ಕೇಳ್ತೈತಾ?' ಅಂದ್ಲು. ತುಟೀಲಿ ಕಂಡೆ. ಕಿವಿಗೆ ಬಂದಿದ್ದು ಬರೀ ಕಿರಕಿರ. ಅವಳ ಮುಖ ನೋಡಿದ್ರೆ... ಕೇಳ್ತೈತೆ ಅಂದ್ಬಿಟ್ಟೆ. ಎಲ್ಲಾ ಚಪ್ಪಾಳೆ ತಟ್ಟಿದ್ರು. ಅದೂ ಜಲ್ಲೀನೇ.

ಮೇಡಂ ಹೇಳಿದ್ರು ಕಣೋ. 'ಸದ್ದು ಮಾತಾಗಾಕೆ ತಿಂಗಳಾನುಗಟ್ಲೆ ಹಿಡೀತೈತೆ, ಕೂಸು ಕಲಿತಂಗೆ ಕಲೀಬೇಕು, ತಿಳೀದಿದ್ರೆ ಹೇಳಿ, ಮಷೀನು ತಿದ್ತೀವಿ' ಅಂತ ಬರೆದೂ ಕೊಟ್ರು. ನಾನು ಪ್ರತಿ ಸಲ ಹೋದಾಗ್ಲೂ ಬಾಯಿ ನೋಡ್ಕಂಡು ಪಟಪಟ ಉತ್ತರ ಕೊಡ್ತಿದ್ದೆ. ಗ್ರಾಫೂ ಚೆನ್ನಾಗೈತೆ, ಪೇಷೆಂಟೂ ಚೆನ್ನಾಗವ್ನೆ... ಇನ್ಯಾರು ಏನು ತಿದ್ತಾರೆ? ಮೈಸೂರ್ ಪಾಕು ಹಂಚಿ ಬಂದೋಳಿಗೆ ಹೋಗಿ ಹೆಂಗೆ ಹೇಳ್ಲಿ, ನಿನ್ನ ಧ್ವನಿ ಇನ್ನೂ ನನಗೆ ಬಂದಿಲ್ಲ ಅಂತ?

ಏನು? ಹೂಂ ಅಂತ ಪ್ರಭುಗೆ ಹೇಳ್ಬಿಡ್ಲಾ? ಬ್ಯಾಡ. ಬ್ಯಾಡಪ್ಪಾ. ಹಿಂದಿನ ಬಾಗ್ಲಾಗೆ ಯಾವುದೋ ಮುದುಕಿ ಇಳಿಯೋವಾಗ ಕೂಗ್ಕಂಡ್ರೆ, ನಾನು ಅವಳ ಬಾಯಿ ಎಲ್ಲಿ ಅಂತ ಹುಡುಕ್ಲಾ? ಸ್ವಲ್ಪ ದಿನ ಬರಲ್ಲ ಅಂತ ಹೇಳು. ಬರಾದೇ ಇಲ್ಲ ಅಂತ ಹೇಳ್ಬೇಡ ಮತ್ತೆ! ಸಂಜೆ ನಾಗರತ್ನಂಗೆ ಹೇಳ್ತೀನಿ. ಬೈತಾಳೆ. ಬೈಲಿ. ಇಬ್ಬರೂ ಬೆಂಗಳೂರಿಗೆ ಹೋಗಿ ಆ ಮೇಡಂಗೆ ಹೇಳ್ತೀವಿ, ಹುಳ ಪಾಸಾಗೈತೆ, ರುದ್ರ ಇನ್ನೂ ಒಂದ್ನೇ ಕ್ಲಾಸು, ಕೂರ್ಸಿ ಕಲಿಸ್ರಿ ಅಂತ.

ಎದ್ದೇಳ್ಬೇಡ, ತಡಿ. ಬಸ್ಸು ಬಿಡಾಕೆ ಇನ್ನೂ ಹೊತ್ತೈತೆ. ಒಂದು ಕೆಲಸ ಮಾಡು. ಆ ಕಡೆ ತಿರುಗು. ಪೂರ್ತಿ ತಿರುಗು, ಬೆನ್ನು ಹಾಕು. ಹೂಂ. ಈಗ ಏನಾದ್ರೂ ಹೇಳು. ಗಂಟ್ಲು ತೆಗೆದು ಹೇಳು.

ಹಾಂ... ಏನೋ ಬಂತು! ನೀನೇ ಅಂತ ಗೊತ್ತಾಯ್ತು, ಹೆಗಲು ಅಲ್ಲಾಡ್ತಲ್ಲ... ಥೂ, ಹೆಗಲು ನೋಡ್ಬಿಟ್ಟೆ. ಹಾಳು ಚಾಳಿ. ತಡಿ, ಕಣ್ಣು ಮುಚ್ಕಂತೀನಿ.

ಮುಚ್ಕಂಡೆ.

ಹೇಳು.

ಇನ್ನೊಂದ್ಸಲ... ನಿಧಾನಕ್ಕೆ. ಇಲ್ಲೇ ಇದ್ದೀನಿ, ಹೇಳಲೇ.